ರೊಟ್ಟಿಯ ಲೆಕ್ಕದಿಂದ ಹುಟ್ಟಿದ ವಿದ್ಯೆ

ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳ ಪಾಠಪಟ್ಟಿಗಳನ್ನು ತಿರುವಿಹಾಕಿದರೆ ‘ಬಿಸಿನೆಸ್ ಇನ್ಫರ್ಮೇಷನ್ ಸಿಸ್ಟಮ್ಸ್’ ಎಂಬ ಹೆಸರಿನ ಪದವಿಯೊಂದು ಕಣ್ಣಿಗೆ ಬೀಳುತ್ತದೆ. ಕನ್ನಡದಲ್ಲಿ ಇದನ್ನು ‘ವ್ಯವಹಾರ ಮಾಹಿತಿ ವ್ಯವಸ್ಥೆ’ ಎನ್ನಬಹುದು. ಮೂರು ಪದಗಳೂ ನಮಗೆ ಪರಿಚಿತವಾದವುಗಳೇ. ಮೂರೂ ಒಟ್ಟಿಗೆ ಸೇರಿದಾಗ ಮಾತ್ರ ಅರ್ಥ ಮಸುಕಾಗಿಬಿಡುತ್ತದೆ. ವಾಣಿಜ್ಯವನ್ನು ಓದಿದವರು ಇದು ಗಣಕಯಂತ್ರದವರ ವಿಷಯವೆನ್ನುತ್ತಾರೆ. ಗಣಕಯಂತ್ರವನ್ನು ಓದಿದವರು, ಕೊಂಚ ತಾತ್ಸಾರದಿಂದಲೇ, ಇದು ಲೆಕ್ಕ ಬರೆಯುವವರ ವಿಷಯವೆನ್ನುತ್ತಾರೆ. ಭೌತಶಾಸ್ತ್ರದ ಪಾಠ ಹೇಳುವ ನನ್ನ ಬಳಿಗೆ ಇದರ ವಿಚಾರ ಕೇಳಲು ವಿದ್ಯಾರ್ಥಿಗಳು ಆಗಾಗ ಬರುವುದುಂಟು. ಎರಡು ಪಕ್ಷಗಳಿಗೂ ಸೇರದ ಮೂರನೆಯವನೆಂಬುದೇ ಅದಕ್ಕೆ ಕಾರಣವಿರಬೇಕು.

ಈ ವಿದ್ಯೆಯ ತಿರುಳನ್ನು ಹೀಗೆ ಹೇಳಬಹುದು: ಒಂದು ಸಂಸ್ಥೆಯಲ್ಲಿ ಯಾರಿಗೆ, ಯಾವ ಹೊತ್ತಿಗೆ, ಯಾವ ವಿಷಯ ತಿಳಿದಿರಬೇಕು? ಆ ತಿಳಿವಳಿಕೆ ಎಲ್ಲಿ ಹುಟ್ಟಿ, ಯಾವ ದಾರಿ ಹಿಡಿದು ಅವರನ್ನು ಮುಟ್ಟಬೇಕು? ದಾರಿಯಲ್ಲಿ ಅದು ಕೆಟ್ಟರೆ, ಕೆಟ್ಟಿತೆಂಬುದು ಗೊತ್ತಾಗುವ ಬಗೆ ಹೇಗೆ? ಗಣಕಯಂತ್ರ ಇಲ್ಲಿ ಒಂದು ಉಪಕರಣ ಮಾತ್ರ. ಕೈಯಲ್ಲಿ ಕಡತ ಹಿಡಿದು ಓಡುವ ಜವಾನನೂ ಒಂದು ಮಾಹಿತಿ ವ್ಯವಸ್ಥೆಯ ಅಂಗವೇ. ಇಟಲಿಯ ಲೂಕಾ ಪಾಚೋಲಿ ಎಂಬ ಸಂನ್ಯಾಸಿ ೧೪೯೪ರಲ್ಲಿ ವೆನಿಸಿನಲ್ಲಿ ಅಚ್ಚುಹಾಕಿಸಿದ ಗಣಿತಗ್ರಂಥದಲ್ಲಿ ಜಮೆ-ಖರ್ಚುಗಳ ಜೋಡಿ ನಮೂದಿನ ಕ್ರಮವನ್ನು ವಿವರಿಸಿದ್ದಾನೆ. ಅದೂ ಇಂಥದೇ ಒಂದು ವ್ಯವಸ್ಥೆ. ಪ್ರತಿಯೊಂದು ಮೊತ್ತವನ್ನೂ ಎರಡು ಕಡೆ ಬರೆಯುವುದರಿಂದ ತಪ್ಪು ತಾನಾಗಿಯೇ ತಲೆಯೆತ್ತಿ ತೋರಬೇಕೆಂಬುದು ಅದರೊಳಗಿನ ಯುಕ್ತಿ.

ಆದರೂ ಪದವಿಯಾಗಿ ಓದುವಷ್ಟು ಇದು ಬೆಳೆದದ್ದು ಗಣಕಯಂತ್ರ ಕಛೇರಿಯನ್ನು ಹೊಕ್ಕ ಮೇಲೆ. ಮೊದಲು ಹೊಕ್ಕ ಕಛೇರಿ ಯಾವುದೆಂದು ಕೇಳಿದರೆ ಬ್ಯಾಂಕನ್ನೋ ವಿಮಾಸಂಸ್ಥೆಯನ್ನೋ ಊಹಿಸುವುದು ಸಹಜ. ಅದು ಲಂಡನ್ನಿನ ಒಂದು ರೊಟ್ಟಿ-ಕೇಕು-ಚಹಾ ಮಾರುವ ಕಂಪನಿಯಾಗಿತ್ತು.

ಜೆ. ಲಯನ್ಸ್ ಕಂಪನಿಗೆ ಊರೂರುಗಳಲ್ಲಿ ಚಹಾದಂಗಡಿಗಳಿದ್ದವು. ಒಂದೊಂದು ಅಂಗಡಿಯಲ್ಲೂ ದಿನಕ್ಕೆ ಸಾವಿರಾರು ಸಣ್ಣ ಮಾರಾಟಗಳು. ಒಂದೊಂದರಲ್ಲಿ ಲಾಭ ಒಂದು ಕಾಸಿಗಿಂತಲೂ ಕಡಿಮೆ. ಇಷ್ಟು ಸಣ್ಣ ಲಾಭದ ವ್ಯಾಪಾರದಲ್ಲಿ ಲೆಕ್ಕ ಬರೆಯುವ ಖರ್ಚೇ ಲಾಭವನ್ನು ನುಂಗಿಹಾಕಬಹುದು. ಕೇಂಬ್ರಿಜ್ಜಿನಲ್ಲಿ ಗಣಿತ ಓದಿ ಬಂದಿದ್ದ ಜಾನ್ ಸಿಮ್ಮನ್ಸ್ ಎಂಬಾತ ಈ ಚಿಂತೆಯಲ್ಲೇ ಕಂಪನಿಯ ಕಛೇರಿ ಕೆಲಸಗಳನ್ನು ಹಲವು ವರ್ಷ ತಿದ್ದುತ್ತಾ ಬಂದಿದ್ದ. ೧೯೪೭ರಲ್ಲಿ ಕಂಪನಿಯ ಇಬ್ಬರು ಅಧಿಕಾರಿಗಳು, ಥಾಮ್ಸನ್ ಮತ್ತು ಸ್ಟ್ಯಾಂಡಿಂಗ್‌ಫರ್ಡ್, ಹೊಸ ಕಛೇರಿ ವಿಧಾನಗಳನ್ನು ನೋಡಿಬರಲು ಅಮೆರಿಕಕ್ಕೆ ಹೋದರು. ಪ್ರಿನ್ಸ್‌ಟನ್ನಿನಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಅವರನ್ನು ಕಂಡಾಗ, ‘ನಿಮ್ಮ ದೇಶದಲ್ಲೇ, ಕೇಂಬ್ರಿಜ್ಜಿನಲ್ಲಿ, ಇಂಥದೊಂದು ಯಂತ್ರ ಸಿದ್ಧವಾಗುತ್ತಿದೆ’ ಎಂಬ ಸುದ್ದಿ ತಿಳಿಯಿತು. ಮಾರಿಸ್ ವಿಲ್ಕ್ಸ್ ಕಟ್ಟುತ್ತಿದ್ದ ‘ಎಡ್ಸಾಕ್’ ಯಂತ್ರವದು. ಲಯನ್ಸ್ ಕಂಪನಿ ಆ ಕೆಲಸಕ್ಕೆ ಸುಮಾರು ೩,೦೦೦ ಪೌಂಡು ಹಣವನ್ನೂ ಒಬ್ಬ ಕುಶಲಕರ್ಮಿಯನ್ನೂ ಕೊಟ್ಟು, ಪ್ರತಿಯಾಗಿ ಆ ಯಂತ್ರದ ಮಾದರಿಯಲ್ಲಿ ತನ್ನದೇ ಒಂದನ್ನು ಕಟ್ಟುವ ತಿಳಿವಳಿಕೆಯನ್ನು ಪಡೆಯಿತು. ೧೯೪೯ರ ಮೇ ೬ರಂದು ಎಡ್ಸಾಕ್ ಮೊದಲ ಬಾರಿಗೆ ಓಡಿತು. ಅದನ್ನು ನೋಡಿಕೊಂಡು ಜಾನ್ ಪಿಂಕರ್‌ಟನ್ ಎಂಬ ಭೌತವಿಜ್ಞಾನಿ ಲಯನ್ಸ್ ಕಂಪನಿಯ ಕ್ಯಾಡ್ಬಿ ಹಾಲಿನಲ್ಲಿ ಕಟ್ಟಿದ ಯಂತ್ರದ ಹೆಸರು ‘ಲಿಯೋ’, ಎಂದರೆ ಲಯನ್ಸ್ ಎಲೆಕ್ಟ್ರಾನಿಕ್ ಆಫೀಸ್.

ಭೌತಶಾಸ್ತ್ರದವನಾದ ನಾನು ಇಲ್ಲಿ ಒಂದು ಕ್ಷಣ ನಿಲ್ಲದೆ ಮುಂದೆ ಹೋಗಲಾರೆ. ಲಿಯೋ ಯಂತ್ರದ ನೆನಪು ಪಾದರಸ ತುಂಬಿದ ಉಕ್ಕಿನ ಕೊಳವೆಗಳಲ್ಲಿತ್ತು. ಕೊಳವೆಯ ಒಂದು ತುದಿಯಲ್ಲಿ ವಿದ್ಯುತ್ ಮಿಡಿತವನ್ನು ಶ್ರವಣಾತೀತ ತರಂಗವಾಗಿ ಮಾರ್ಪಡಿಸಿ ಪಾದರಸದೊಳಕ್ಕೆ ಬಿಡುವುದು, ಇನ್ನೊಂದು ತುದಿಗೆ ತಲಪಿದೊಡನೆ ಅದನ್ನು ಹಿಡಿದು ಮತ್ತೆ ಮೊದಲ ತುದಿಗೆ ಕಳುಹಿಸುವುದು. ಪಾದರಸದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೧,೪೫೦ ಮೀಟರು. ಕೊಳವೆಯ ಉದ್ದ ಸುಮಾರು ಒಂದೂವರೆ ಮೀಟರು. ಹಾಗಾಗಿ ಒಂದು ಪಯಣಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲ ಬೇಕಾಗುತ್ತಿತ್ತು. ಅಷ್ಟು ಹೊತ್ತು ಅಂಕಿಗಳು ಅಲೆಗಳಾಗಿ ಸಾಲುಗಟ್ಟಿ ಪಾದರಸದಲ್ಲಿ ತೇಲುತ್ತಿದ್ದವು. ಹೀಗೆ ಸುತ್ತಿಸುತ್ತಿ ಕಾಪಾಡಿದ ನೆನಪು ಎಡ್ಸಾಕಿನ ನಾಲ್ಕರಷ್ಟಿದ್ದರೂ ಒಟ್ಟಿನಲ್ಲಿ ಒಂಬತ್ತು ಕಿಲೋಬೈಟಿಗಿಂತ ಕಡಿಮೆ. ಇಂದು ಕೈಯಲ್ಲಿ ಹಿಡಿಯುವ ಫೋನಿನ ಒಂದು ಸಣ್ಣ ಛಾಯಾಚಿತ್ರಕ್ಕೂ ಅಷ್ಟು ಸಾಲದು.

೧೯೫೧ರ ನವೆಂಬರ್ ೨೯-೩೦ರಂದು ಲಿಯೋ ಕಂಪನಿಯ ರೊಟ್ಟಿಮನೆಗಳ ವಾರದ ಲೆಕ್ಕವನ್ನು ಪೂರ್ತಿಯಾಗಿ ತನ್ನ ಕೈಗೆ ತೆಗೆದುಕೊಂಡಿತು. ಎಷ್ಟು ರೊಟ್ಟಿ, ಎಷ್ಟು ಕೇಕು, ತಗಲಿದ ಹಿಟ್ಟು-ಸಕ್ಕರೆಗಳೆಷ್ಟು, ಬೆಲೆಯೆಷ್ಟು ಎಂಬ ನೀರಸ ಲೆಕ್ಕವದು. ಅನಂತರ ಸಂಬಳದ ಲೆಕ್ಕ ಬಂದಿತು: ನುರಿತ ಗುಮಾಸ್ತನೊಬ್ಬನಿಗೆ ಒಬ್ಬ ನೌಕರನ ಸಂಬಳ ಲೆಕ್ಕಹಾಕಲು ಎಂಟು ನಿಮಿಷ ಹಿಡಿಯುತ್ತಿದ್ದರೆ ಲಿಯೋಗೆ ಒಂದೂವರೆ ಸೆಕೆಂಡು ಸಾಕಾಗುತ್ತಿತ್ತು.

ಆದರೆ ವೇಗವನ್ನೇ ದೊಡ್ಡದೆಂದು ಭಾವಿಸಿದರೆ ನಾವು ಕಥೆಯ ಸ್ವಾರಸ್ಯವನ್ನು ಕಳೆದುಕೊಂಡಂತೆ. ೧೯೫೪ರಲ್ಲಿ ಲಿಯೋ ಚಹಾದಂಗಡಿಗಳಿಗೆ ಸರಕು ಹಂಚುವ ಕೆಲಸವನ್ನು ಕೈಗೆತ್ತಿಕೊಂಡಿತು. ಪ್ರತಿದಿನವೂ ಪ್ರತಿಯೊಂದು ಅಂಗಡಿಯ ಮೇಲ್ವಿಚಾರಕಿಯಿಂದ ಮರುದಿನಕ್ಕೆ ಬೇಕಾದ ಸಾಮಾನುಗಳ ಉದ್ದನೆಯ ಪಟ್ಟಿ ಬರಬೇಕು. ಅಷ್ಟನ್ನೂ ರಂಧ್ರಪತ್ರಗಳ ಮೇಲೆ ಕೊರೆಯಬೇಕು. ಯಂತ್ರ ಎಷ್ಟೇ ವೇಗವಾಗಿದ್ದರೂ ಕೊರೆಯುವ ಹೆಂಗಸರ ಬೆರಳುಗಳಿಗೆ ಆ ವೇಗವಿಲ್ಲ. ಡೇವಿಡ್ ಕಾಮಿನರ್ ಮತ್ತು ಅವನ ಜೊತೆಗಾರರು ಕೇಳಿಕೊಂಡ ಪ್ರಶ್ನೆ ಬೇರೆಯೇ ಆಗಿತ್ತು: ಅಂಗಡಿಯ ಬೇಡಿಕೆ ದಿನದಿಂದ ದಿನಕ್ಕೆ ಪೂರ್ತಿ ಬದಲಾಗುತ್ತದೆಯೇ? ಇಲ್ಲ, ಈ ಸೋಮವಾರದ ಪಟ್ಟಿ ಕಳೆದ ಸೋಮವಾರದ ಪಟ್ಟಿಯ ಹಾಗೆಯೇ ಇರುತ್ತದೆ. ಹಾಗಾದರೆ ವಾರದ ಒಂದೊಂದು ದಿನಕ್ಕೂ ಒಂದು ಸ್ಥಿರವಾದ ಪಟ್ಟಿ ಯಂತ್ರದ ಬಳಿ ಇರಲಿ. ಮೇಲ್ವಿಚಾರಕಿ ದೂರವಾಣಿಯಲ್ಲಿ ವ್ಯತ್ಯಾಸವನ್ನಷ್ಟೇ ತಿಳಿಸಲಿ. ಮಳೆ ಬರುವಂತಿದ್ದರೆ ಐಸ್‌ಕ್ರೀಮು ಕಡಿಮೆ, ಹತ್ತಿರದಲ್ಲಿ ಆಟದ ಪಂದ್ಯವಿದ್ದರೆ ಬನ್ನು ಹೆಚ್ಚು, ಇಷ್ಟೆ. ಈ ಒಂದು ಯೋಚನೆಯಿಂದ ಕೊರೆಯುವ ಕೆಲಸದ ಬಹುಭಾಗ ಮಾಯವಾಯಿತು. ಇದರಲ್ಲಿ ಎಲೆಕ್ಟ್ರಾನಿಕ್ಸ್ ಎಳ್ಳಷ್ಟೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಇದು ಅಂಗಡಿಯನ್ನು ನೋಡಿ ಕಲಿತ ವಿಷಯ. ‘ವ್ಯವಸ್ಥಾ ವಿಶ್ಲೇಷಣೆ’ ಎಂಬ ಹೆಸರಿನಿಂದ ಇಂದು ಈ ಪದವಿಯ ಎರಡನೆಯ ವರ್ಷದಲ್ಲಿ ಕಲಿಸುವುದು ಮುಖ್ಯವಾಗಿ ಈ ದೃಷ್ಟಿಯನ್ನೇ.

ಕಾರ್ಖಾನೆಯಿಂದ ತರಗತಿಗೆ ಈ ದೃಷ್ಟಿ ಬಂದ ದಾರಿಯೂ ನೇರವಾದುದೇ. ೧೯೫೨ರಲ್ಲಿ ಲಯನ್ಸ್ ಕಂಪನಿಗೆ ಗುಮಾಸ್ತನಾಗಿ ಸೇರಿ, ಲಿಯೋ ತಂಡದಲ್ಲಿ ಬೆಳೆದ ಫ್ರಾಂಕ್ ಲ್ಯಾಂಡ್ ೧೯೬೭ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿಗೆ ಹೋಗಿ ಅಲ್ಲಿ ಮಾಹಿತಿ ವ್ಯವಸ್ಥೆಗಳ ಬೋಧನೆಯನ್ನು ಪ್ರಾರಂಭಿಸಿದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಗಾರ್ಡನ್ ಡೇವಿಸ್ ಅಂಥದೇ ವಿಭಾಗವನ್ನು ಕಟ್ಟಿದರು.

ಈಗ ತರಗತಿಯೊಳಕ್ಕೆ ಹೋಗೋಣ. ಇಂಗ್ಲೆಂಡಿನಲ್ಲಿ ಆನರ್ಸ್ ಪದವಿಗೆ ಮೂರು ವರ್ಷ, ೩೬೦ ಕ್ರೆಡಿಟ್ಟುಗಳು. ಒಂದು ಕ್ರೆಡಿಟ್ಟೆಂದರೆ ಹತ್ತು ಗಂಟೆಗಳ ಕೆಲಸವೆಂದು ಅಲ್ಲಿಯ ಎಣಿಕೆ. ವರ್ಷಕ್ಕೆ ೧,೨೦೦ ಗಂಟೆ. ಇದರಲ್ಲಿ ಅಧ್ಯಾಪಕನ ಎದುರು ಕೂರುವ ಗಂಟೆಗಳು ಸಣ್ಣ ಪಾಲು. ಉಳಿದದ್ದು ವಿದ್ಯಾರ್ಥಿ ತಾನೇ ಓದಿ, ಬರೆದು, ಮಾಡಿ ತೀರಿಸಬೇಕಾದದ್ದು. ಮೊದಲ ವರ್ಷದಲ್ಲಿ ಲೆಕ್ಕಪತ್ರ, ಸಂಸ್ಥೆಗಳ ರಚನೆ, ಒಂದಿಷ್ಟು ಸಂಖ್ಯಾಶಾಸ್ತ್ರ, ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಅಭ್ಯಾಸ ಇವಿರುತ್ತವೆ. ಇವುಗಳ ವಿವರಕ್ಕೆ ನಾನು ಹೋಗುವುದಿಲ್ಲ. ಈ ಪದವಿಯ ಬೆನ್ನೆಲುಬಾದ ಒಂದು ವಿಷಯವನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಅದು ಡೇಟಾಬೇಸ್, ಎಂದರೆ ದತ್ತಾಂಶಗಳ ಉಗ್ರಾಣ.

ನಮ್ಮ ಹಳ್ಳಿಯ ಹಾಲು ಉತ್ಪಾದಕರ ಸಂಘವೊಂದನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಸಂಜೆ ಸದಸ್ಯರು ಹಾಲು ತಂದು ಹಾಕುತ್ತಾರೆ. ಕಾರ್ಯದರ್ಶಿ ಒಂದು ಉದ್ದನೆಯ ಪುಸ್ತಕದಲ್ಲಿ ತಾರೀಖು, ಸದಸ್ಯನ ಸಂಖ್ಯೆ, ಹೆಸರು, ಬ್ಯಾಂಕಿನ ಖಾತೆ, ಹಾಲಿನ ಅಳತೆ, ಜಿಡ್ಡಿನಂಶ, ದರ, ಮೊತ್ತ ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆಯುತ್ತಾನೆನ್ನಿ. ನೋಡಲು ಅಚ್ಚುಕಟ್ಟಾಗಿಯೇ ಇದೆ. ಆದರೆ ಒಬ್ಬ ಸದಸ್ಯ ತನ್ನ ಬ್ಯಾಂಕಿನ ಖಾತೆಯನ್ನು ಬದಲಾಯಿಸಿದನೆಂದು ಇಟ್ಟುಕೊಳ್ಳಿ. ಖಾತೆಯ ಸಂಖ್ಯೆ ನೂರಾರು ಸಾಲುಗಳಲ್ಲಿದೆ. ಕೆಲವನ್ನು ತಿದ್ದಿ ಕೆಲವನ್ನು ಬಿಟ್ಟರೆ ಪುಸ್ತಕವೇ ತನ್ನೊಡನೆ ತಾನು ಜಗಳವಾಡತೊಡಗುತ್ತದೆ. ಐ.ಬಿ.ಎಂ. ಕಂಪನಿಯಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞ ೧೯೭೦ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಇದಕ್ಕೆ ಶಾಸ್ತ್ರೀಯವಾದ ಪರಿಹಾರ ದೊರೆಯಿತು. ಒಂದು ಸಂಗತಿ ಒಂದೇ ಕಡೆ ಇರಬೇಕು. ಹೆಸರೂ ಖಾತೆಯೂ ಸದಸ್ಯನ ಸಂಖ್ಯೆಯನ್ನು ಅವಲಂಬಿಸಿದವು; ಅವು ಸದಸ್ಯರ ಪಟ್ಟಿಯಲ್ಲಿರಲಿ. ಹಾಲಿನ ಅಳತೆಯೂ ಜಿಡ್ಡಿನಂಶವೂ ಸದಸ್ಯ, ದಿನ, ಹೊತ್ತು ಈ ಮೂರನ್ನೂ ಅವಲಂಬಿಸಿದವು. ಅವು ಬೇರೆ ಪಟ್ಟಿಯಲ್ಲಿರಲಿ. ಪಟ್ಟಿಗಳನ್ನು ಬೇಕಾದಾಗ ಸದಸ್ಯನ ಸಂಖ್ಯೆಯಿಂದ ಜೋಡಿಸಿಕೊಂಡರಾಯಿತು.

ದರವೆಲ್ಲಿರಬೇಕು? ಅದು ಜಿಡ್ಡಿನಂಶವನ್ನು ಅವಲಂಬಿಸಿದ್ದು, ಆದುದರಿಂದ ದರಗಳದೇ ಒಂದು ಪಟ್ಟಿ ಸಾಕೆಂದು ವಿದ್ಯಾರ್ಥಿ ಥಟ್ಟನೆ ಹೇಳುತ್ತಾನೆ. ಮುಂದಿನ ತಿಂಗಳು ಒಕ್ಕೂಟ ದರವನ್ನು ಬದಲಾಯಿಸಿದಾಗ, ಹಳೆಯ ತಿಂಗಳ ಬಿಲ್ಲನ್ನು ಮತ್ತೆ ತೆಗೆದರೆ ಹೊಸ ದರದ ಮೊತ್ತ ಬಂದು ಎಲ್ಲರೂ ಕಕ್ಕಾಬಿಕ್ಕಿಯಾಗುತ್ತಾರೆ. ದರ ಯಾವ ದಿನದಿಂದ ಜಾರಿಗೆ ಬಂದಿತೆಂಬುದೂ ಪಟ್ಟಿಯಲ್ಲಿರಬೇಕು. ಇನ್ನೂ ಒಂದು ತೊಡಕಿದೆ: ಸದಸ್ಯ ತೀರಿಕೊಂಡು ಅವನ ಮಗ ಅದೇ ಸಂಖ್ಯೆಯಲ್ಲಿ ಹಾಲು ಹಾಕುತ್ತಿದ್ದರೆ ಸದಸ್ಯ ಯಾರು? ಇದಕ್ಕೆ ಯಂತ್ರ ಉತ್ತರ ಹೇಳಲಾರದು, ಗಣಿತವೂ ಹೇಳಲಾರದು. ಸಂಘದ ನಿಯಮಾವಳಿಯನ್ನು ತೆರೆದು ನೋಡಬೇಕು, ಇಲ್ಲವೇ ಹೋಗಿ ಕೇಳಬೇಕು. ಗಣಕಶಾಸ್ತ್ರದ ವಿದ್ಯಾರ್ಥಿಗೂ ಈ ಪದವಿಯ ವಿದ್ಯಾರ್ಥಿಗೂ ಇರುವ ಭೇದ ಇಲ್ಲಿಯೇ ಎಂದು ನನ್ನ ಭಾವನೆ.

ಎರಡನೆಯ ವರ್ಷದಲ್ಲಿ ಬರುವ ಇನ್ನೊಂದು ಕಲ್ಪನೆ ‘ವಹಿವಾಟು’. ಒಂದು ಪೆಟ್ಟಿಗೆಯಿಂದ ಹಣ ತೆಗೆದು ಇನ್ನೊಂದಕ್ಕೆ ಹಾಕುವುದು ನಮಗೆ ಒಂದು ಕೆಲಸ. ಯಂತ್ರಕ್ಕೆ ಅದು ಎರಡು. ಮೊದಲನೆಯದು ಮುಗಿದು ಎರಡನೆಯದು ಮುಗಿಯುವ ಮುನ್ನ ವಿದ್ಯುತ್ತು ಹೋದರೆ ಹಣ ಮಾಯವಾಗುತ್ತದೆ. ಆದುದರಿಂದ ಎರಡೂ ನಡೆಯಬೇಕು, ಇಲ್ಲವೇ ಎರಡೂ ನಡೆಯದಿರಬೇಕು. ಅಷ್ಟೇ ಅಲ್ಲ, ಒಮ್ಮೆ ಕೊಟ್ಟ ಆದೇಶ ತಂತಿಯ ತೊಂದರೆಯಿಂದಲೋ ಗುಂಡಿಯನ್ನು ಮತ್ತೆ ಒತ್ತಿದ್ದರಿಂದಲೋ ಎರಡು ಸಲ ತಲಪಿದರೂ ಕೆಲಸ ಒಂದೇ ಸಲ ಆಗಬೇಕು. ಪ್ರತಿ ಆದೇಶಕ್ಕೂ ಒಂದು ಪ್ರತ್ಯೇಕ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಕಡೆಗಣಿಸುವುದು ಇದಕ್ಕೆ ಒಂದು ಉಪಾಯ. ಜಿಮ್ ಗ್ರೇ ಎಂಬ ವಿಜ್ಞಾನಿಗೆ ೧೯೯೮ರ ಟ್ಯೂರಿಂಗ್ ಪ್ರಶಸ್ತಿ ದೊರೆತದ್ದು ಮುಖ್ಯವಾಗಿ ಡೇಟಾಬೇಸ್ ಮತ್ತು ವಹಿವಾಟುಗಳ ಕುರಿತ ಸಂಶೋಧನೆಗಾಗಿ.

ಪುಸ್ತಕದಲ್ಲಿ ಇದು ಅರ್ಧ ಪುಟದ ವಿಷಯ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ಹೊರಗಿನ ಜಗತ್ತಿನಲ್ಲಿ ಇದರ ತೂಕವೆಷ್ಟೆಂಬುದನ್ನು ಬ್ರಿಟನ್ನಿನ ಅಂಚೆಯ ಕಥೆಯಿಂದ ತಿಳಿಯಬಹುದು. ಅಲ್ಲಿ ಈ ವಿಷಯವನ್ನು ಕಲಿಸುವವರು ಯಾರೂ ಈಗ ಆ ಕಥೆಯನ್ನು ಬಿಟ್ಟು ಪಾಠ ಮಾಡುವಂತಿಲ್ಲ.

ಬ್ರಿಟನ್ನಿನ ಸಣ್ಣ ಅಂಚೆಕಛೇರಿಗಳನ್ನು ನಡೆಸುವವರು ಬಹುತೇಕ ಅಂಗಡಿಕಾರರು. ಕಿರಾಣಿ ಸಾಮಾನಿನ ಪಕ್ಕದಲ್ಲೇ ಅಂಚೆಯ ಗಲ್ಲೆ. ೧೯೯೯ರಿಂದ ಮೊದಲ್ಗೊಂಡು ಅಲ್ಲೆಲ್ಲ ‘ಹೊರೈಜ಼ನ್’ ಎಂಬ ಗಣಕ ವ್ಯವಸ್ಥೆಯನ್ನು ಹಾಕಲಾಯಿತು. ಅದನ್ನು ಸಿದ್ಧಪಡಿಸಿದ್ದು ಐ.ಸಿ.ಎಲ್. ಕಂಪನಿ, ಎಂದರೆ ಅನಂತರ ಜಪಾನಿನ ಫುಜಿತ್ಸುವಿನಲ್ಲಿ ಲೀನವಾದ ಸಂಸ್ಥೆ. ಇತಿಹಾಸದ ವಿಚಿತ್ರವೆಂದರೆ, ಲಯನ್ಸ್ ಕಂಪನಿಯ ಲಿಯೋ ವಿಭಾಗ ೧೯೬೩ರಲ್ಲಿ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯೊಡನೆ ಕೂಡಿ, ೧೯೬೮ರಲ್ಲಿ ಆ ಶಾಖೆ ಇದೇ ಐ.ಸಿ.ಎಲ್.ನಲ್ಲಿ ಸೇರಿಹೋಗಿತ್ತು. ರೊಟ್ಟಿಯ ಲೆಕ್ಕವನ್ನು ಅಷ್ಟು ಮುತುವರ್ಜಿಯಿಂದ ಮಾಡಿದ ವಂಶದಲ್ಲೇ ಹೊರೈಜ಼ನ್ನೂ ಹುಟ್ಟಿತೆನ್ನಬೇಕು.

ಸಂಜೆ ಗಲ್ಲೆಯನ್ನು ಎಣಿಸಿದರೆ ಒಂದು ಮೊತ್ತ, ಪರದೆಯ ಮೇಲೆ ಇನ್ನೊಂದು ಮೊತ್ತ. ಕರಾರಿನ ಪ್ರಕಾರ ಕೊರತೆಯನ್ನು ತುಂಬಿಕೊಡಬೇಕಾದವರು ಅಂಗಡಿಕಾರರೇ. ಮನೆ ಮಾರಿ ತುಂಬಿದವರಿದ್ದಾರೆ. ತುಂಬಲಾರದವರ ಮೇಲೆ ಕಳ್ಳತನದ, ಸುಳ್ಳುಲೆಕ್ಕದ ಮೊಕದ್ದಮೆಗಳಾದವು. ೧೯೯೯ರಿಂದ ೨೦೧೫ರವರೆಗೆ ೯೦೦ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಭಾರತೀಯ ಮೂಲದ ಹೆಂಗಸೊಬ್ಬಳನ್ನು ೨೦೧೦ರಲ್ಲಿ, ಗರ್ಭಿಣಿಯಾಗಿದ್ದಾಗ, ಸೆರೆಮನೆಗೆ ಕಳುಹಿಸಿದರು. ಯಂತ್ರವೇ ತಪ್ಪುತ್ತಿರಬಹುದೆಂದು ಹೇಳಿದವರ ಮಾತನ್ನು ಕೇಳುವವರಿರಲಿಲ್ಲ. ಬ್ರಿಟನ್ನಿನ ಕಾನೂನಿನಲ್ಲಿ ೧೯೮೪ರ ಶಾಸನದಂತೆ, ಗಣಕಯಂತ್ರದ ಲೆಕ್ಕವನ್ನು ಸಾಕ್ಷ್ಯವಾಗಿ ತರುವವರು ಯಂತ್ರ ಸರಿಯಾಗಿ ನಡೆಯುತ್ತಿತ್ತೆಂದು ತೋರಿಸಬೇಕಿತ್ತು. ೧೯೯೯ರಲ್ಲಿ ಪಾರ್ಲಿಮೆಂಟು ಆ ನಿಯಮವನ್ನು ತೆಗೆದುಹಾಕಿತು. ಯಂತ್ರ ಸರಿಯಾಗಿದೆಯೆಂದೇ ನ್ಯಾಯಾಲಯ ಭಾವಿಸುವುದು ರೂಢಿಯಾಯಿತು.

ಕೊರತೆ ಹುಟ್ಟುತ್ತಿದ್ದ ಬಗೆಗೆ ಒಂದು ನಿದರ್ಶನ: ೨೦೧೫ರಲ್ಲಿ ಸ್ಕಾಟ್ಲೆಂಡಿನ ಡಾಲ್‌ಮೆಲಿಂಗ್ಟನ್ ಎಂಬಲ್ಲಿ ೮,೦೦೦ ಪೌಂಡುಗಳನ್ನು ಒಂದು ಶಾಖೆಯಿಂದ ಉಪಶಾಖೆಗೆ ಸಾಗಿಸಿದ ಲೆಕ್ಕವನ್ನು ಬರೆಯುವಾಗ ಪರದೆ ನಿಂತುಹೋಯಿತು. ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರು. ಒತ್ತಿದಷ್ಟು ಸಲವೂ ಹೊರೈಜ಼ನ್ ಸದ್ದಿಲ್ಲದೆ ಹಣವನ್ನು ಬರೆದುಕೊಂಡಿತು: ೩೨,೦೦೦ ಪೌಂಡು. ಇಲ್ಲದ ೨೪,೦೦೦ ಪೌಂಡುಗಳಿಗೆ ಮನುಷ್ಯರು ಲೆಕ್ಕ ಕೊಡಬೇಕಾದ ಪರಿಸ್ಥಿತಿ. ಈ ಪ್ರಕರಣದಲ್ಲಿ ದೋಷ ಯಂತ್ರದ್ದೆಂದು ಗುರುತಿಸಿದರು. ಮೇಲೆ ಹೇಳಿದ ಐದು ಅಂಕದ ಪ್ರಶ್ನೆಯನ್ನು ವಾಚಕರು ಇಲ್ಲಿ ಜ್ಞಾಪಿಸಿಕೊಳ್ಳಬಹುದು.

೫೫೫ ಮಂದಿ ಅಂಗಡಿಕಾರರು ಒಟ್ಟಾಗಿ ಹೂಡಿದ ದಾವೆಯಲ್ಲಿ ೨೦೧೯ರ ಡಿಸೆಂಬರಿನಲ್ಲಿ ತೀರ್ಪು ಬಂದಿತು: ಹೊರೈಜ಼ನ್‌ನಲ್ಲಿ ದೋಷಗಳಿದ್ದವು, ಶಾಖೆಗಳ ಲೆಕ್ಕವನ್ನು ಅವು ಕೆಡಿಸಬಲ್ಲವಾಗಿದ್ದವು. ೨೦೨೪ರಲ್ಲಿ ಪಾರ್ಲಿಮೆಂಟು ಶಾಸನ ಮಾಡಿ ಉಳಿದ ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಪಡಿಸಿತು. ವಿಚಾರಣಾ ಆಯೋಗದ ವರದಿಯ ಮೊದಲ ಸಂಪುಟ ೨೦೨೫ರ ಜುಲೈಯಲ್ಲಿ ಪ್ರಕಟವಾಯಿತು. ಕನಿಷ್ಠ ೧೩ ಮಂದಿ ಈ ಸಂಕಟದಿಂದ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡಿರಬಹುದೆಂದು ಅದರಲ್ಲಿ ಹೇಳಿದೆ.

ನಮ್ಮ ಪ್ರಯೋಗಶಾಲೆಯಲ್ಲಿ ಪಿ.ಯು.ಸಿ. ಹುಡುಗನಿಗೆ ಮೊದಲ ದಿನ ಹೇಳಿಕೊಡುವುದು ಸ್ಕ್ರೂಗೇಜಿನ ಶೂನ್ಯದೋಷವನ್ನು ನೋಡಿಕೊಳ್ಳುವುದನ್ನು. ತಂತಿಯ ದಪ್ಪವನ್ನು ಅಳೆಯುವ ಮುನ್ನ ಉಪಕರಣವನ್ನೇ ಅಳೆಯಬೇಕು. ಕಛೇರಿಗಳ ಗಣಕವೂ ಒಂದು ಅಳೆಯುವ ಉಪಕರಣ. ಅದರ ಶೂನ್ಯದೋಷವನ್ನು ನೋಡಬೇಕೆಂಬ ಅಭ್ಯಾಸ ಮಾತ್ರ ಅಲ್ಲಿ ಬೇರೂರಲಿಲ್ಲ. ಲಿಯೋ ತಂಡದವರು ಹಾಗಿರಲಿಲ್ಲ. ಸಂಬಳದ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸುವ ಮುನ್ನ ಗುಮಾಸ್ತರ ಲೆಕ್ಕವನ್ನೂ ಯಂತ್ರದ ಲೆಕ್ಕವನ್ನೂ ಒಟ್ಟೊಟ್ಟಿಗೆ ನಡೆಸಿ ತಾಳೆ ನೋಡಿದರು. ಈ ಸಮಾನಾಂತರ ಓಟವನ್ನು ಇಂದಿನ ಪಠ್ಯಪುಸ್ತಕಗಳೂ ಹೇಳುತ್ತವೆ; ಖರ್ಚು ಹೆಚ್ಚೆಂಬ ಕಾರಣ ಕೊಟ್ಟು ಅದನ್ನು ಬಿಡುವವರೇ ಬಹಳ.

ಆದುದರಿಂದ, ಈ ಪದವಿಗೆ ಹೋಗಲು ಬಯಸುವವರು ಯಾವ ಪ್ರೋಗ್ರಾಂ ಭಾಷೆಯನ್ನು ಕಲಿಸುತ್ತಾರೆಂದು ಮೊದಲು ಕೇಳುವುದು ನನಗೆ ಅಷ್ಟು ಸರಿಕಾಣದು. ಭಾಷೆಗಳು ಬದಲಾಗುತ್ತವೆ, ಈಗಂತೂ ಸಾಧಾರಣ ಪ್ರೋಗ್ರಾಮನ್ನು ಯಂತ್ರವೇ ಬರೆದುಕೊಡುತ್ತದೆ. ಪರೀಕ್ಷಿಸುವ ವಿದ್ಯೆಗೂ ತಾಳೆ ನೋಡುವ ವಿದ್ಯೆಗೂ ಎಷ್ಟು ಗಂಟೆಗಳನ್ನು ಇಟ್ಟಿದ್ದಾರೆ, ಲೆಕ್ಕಪತ್ರವನ್ನು ಎರಡನೆಯ ವರ್ಷಕ್ಕೂ ಮುಂದುವರಿಸುತ್ತಾರೆಯೇ ಎಂದು ಕೇಳುವುದು ಲೇಸು. ಗಣಿತ ಇಲ್ಲಿ ಕಷ್ಟದ್ದಲ್ಲ. ಗಣಗಳ ತರ್ಕವೂ ಸಂಖ್ಯಾಶಾಸ್ತ್ರವೂ ಬಂದರೆ ಸಾಕು. ಕಷ್ಟವಾಗುವುದು ಬರವಣಿಗೆ. ಗುಮಾಸ್ತ ಹೇಳಿದ್ದನ್ನು ಕೇಳಿ, ಅವನು ಒಪ್ಪುವಂತೆಯೂ ಪ್ರೋಗ್ರಾಂ ಬರೆಯುವವನಿಗೆ ತಿಳಿಯುವಂತೆಯೂ ಒಂದು ಪುಟ ಬರೆಯುವುದು ನಮ್ಮ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಕಠಿನವಾಗಿ ಕಾಣುತ್ತದೆ. ಇಂಗ್ಲಿಷಿನ ತೊಡಕಿಗಿಂತ, ಕೇಳಿಸಿಕೊಳ್ಳುವ ಅಭ್ಯಾಸವಿಲ್ಲದ ತೊಡಕು ಇದರಲ್ಲಿ ದೊಡ್ಡದು.

ಎರಡನೆಯ ಮತ್ತು ಕೊನೆಯ ವರ್ಷಗಳ ನಡುವೆ ಒಂದು ಇಡೀ ವರ್ಷ ಯಾವುದಾದರೂ ಸಂಸ್ಥೆಯಲ್ಲಿ ಸಂಬಳಕ್ಕೆ ದುಡಿಯುವ ಅವಕಾಶವನ್ನು ಹಲವು ವಿಶ್ವವಿದ್ಯಾನಿಲಯಗಳು ಕೊಡುತ್ತವೆ. ಹಾಗೆ ಓದಿದರೆ ಪದವಿಗೆ ನಾಲ್ಕು ವರ್ಷ. ಸ್ಕಾಟ್ಲೆಂಡಿನಲ್ಲಿ ಆನರ್ಸ್ ಪದವಿಯೇ ನಾಲ್ಕು ವರ್ಷದ್ದು. ಕೆಲಸದ ವರ್ಷವಿರುವ ಪಾಠಕ್ರಮ ಸಿಕ್ಕುವಾಗ ಅದನ್ನು ಬಿಡುವುದು ತಿಳಿಗೇಡಿತನ. ಆದರೆ ಆ ಕೆಲಸವನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕಾಗುವುದು ಸಾಮಾನ್ಯ. ಹೊರದೇಶದಿಂದ ಹೋದವರಿಗೆ ಅದು ಸುಲಭವಲ್ಲವೆಂಬುದನ್ನು ಹೊರಡುವ ಮುನ್ನವೇ ತಿಳಿದಿರಬೇಕು. ಮೊದಲ ಪದವಿಗೆ ಅರ್ಜಿಗಳು ‘ಯೂಕಾಸ್’ ಎಂಬ ಒಂದೇ ಕೇಂದ್ರದ ಮೂಲಕ ಹೋಗುತ್ತವೆ. ನಮ್ಮ ಪಿ.ಯು.ಸಿ. ಅಂಕಗಳನ್ನು ನೇರವಾಗಿ ಒಪ್ಪುವ ವಿಶ್ವವಿದ್ಯಾನಿಲಯಗಳೂ ಉಂಟು, ಮೊದಲು ಒಂದು ವರ್ಷದ ಪೂರ್ವಶಿಕ್ಷಣ ಬೇಕೆನ್ನುವವೂ ಉಂಟು. ಆ ಒಂದು ವರ್ಷದ ಶುಲ್ಕ ಬೇರೆ. ಅಷ್ಟು ಹಣವಿಲ್ಲದವರು ಇಲ್ಲಿಯೇ ಬಿ.ಸಿ.ಎ. ಓದುತ್ತಾ, ರಜೆಯಲ್ಲಿ ಊರಿನ ಹಾಲಿನ ಸಂಘದಲ್ಲೋ ಸಹಕಾರಿ ಬ್ಯಾಂಕಿನಲ್ಲೋ ಕುಳಿತು, ಅಲ್ಲಿಯ ಪುಸ್ತಕಗಳಿಗೂ ಪರದೆಗೂ ಎಲ್ಲೆಲ್ಲಿ ತಾಳೆಯಾಗುತ್ತಿಲ್ಲವೆಂದು ಕಾರ್ಯದರ್ಶಿಯನ್ನು ಕೇಳಿ ಬರೆದುಕೊಳ್ಳಬಹುದು; ಅದಕ್ಕೆ ಯಾರೂ ಶುಲ್ಕ ಕೇಳುವುದಿಲ್ಲ.